ಮೀನಿಗೊಂದು ಗಾಳ, ಕೊಳ್ಳುವವನಿಗೊಂದು ಗಾಳ

ಒಂದು ಕಾಲದಲ್ಲಿ ಕೈಗಡಿಯಾರ ಕೊಳ್ಳಹೋದವರು ಅಂಗಡಿಯವನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಎಷ್ಟು ಜ್ಯುವೆಲ್ಲಿನದು?" ಹದಿನೇಳು ಎಂದರೆ ಅಳಿಯನಿಗೆ ಧಾರಾಳವಾಗಿ ಕೊಡಬಹುದಾದ ಗಡಿಯಾರ, ಇಪ್ಪತ್ತೊಂದು ಎಂದರೆ ಬೀಗರು ಮರುಮಾತಿಲ್ಲದೆ ಒಪ್ಪಿಕೊಳ್ಳುವ ಗಡಿಯಾರ. ಆ ಜ್ಯುವೆಲ್ ಎಂಬುದು ಏನು, ಅದು ಎಲ್ಲಿರುತ್ತದೆ, ಏಕಿರುತ್ತದೆ ಎಂದು ವಿಚಾರಿಸಿದವರು ವಿರಳ. ಚಕ್ರದ ಅಚ್ಚಿನ ತುದಿ ತಿರುಗಿ ತಿರುಗಿ ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯದ ಚೂರು ಅದು. ಘರ್ಷಣೆಯುಳ್ಳ ಮುಖ್ಯ ಸ್ಥಳಗಳಲ್ಲೆಲ್ಲ ಒಂದೊಂದನ್ನು ಇಟ್ಟರೆ ಸಾಧಾರಣ ಕೈಗಡಿಯಾರಕ್ಕೆ ಹದಿನೇಳು ಸಾಕು. ಆದರೆ ಗಿರಾಕಿ ಕೇಳುವುದು ಸಂಖ್ಯೆಯನ್ನು ಮಾತ್ರ ಎಂಬ ಗುಟ್ಟು ತಿಳಿದ ಮೇಲೆ, ಕೆಲವು ತಯಾರಕರು ಘರ್ಷಣೆಯೇ ಇಲ್ಲದ ಕಡೆಯಲ್ಲಿಯೂ ಕಲ್ಲುಗಳನ್ನು ಕೂರಿಸತೊಡಗಿದರು. 1960ರ ದಶಕದಲ್ಲಿ ನೂರು ಜ್ಯುವೆಲ್ಲಿನ ಗಡಿಯಾರವೇ ಮಾರುಕಟ್ಟೆಗೆ ಬಂದಿತು! ಕೊನೆಗೆ 1974ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು, ಕೆಲಸ ಮಾಡದ ಕಲ್ಲುಗಳನ್ನು ಜಾಹೀರಾತಿನ ಎಣಿಕೆಗೆ ಸೇರಿಸಕೂಡದೆಂದು ನಿಯಮ ಮಾಡಬೇಕಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ನೂರು ಕಲ್ಲೆಂದು ಸಾರಿದವನು ಸುಳ್ಳಾಡಿರಲಿಲ್ಲ. ಎಣಿಸಿ ನೋಡಿದರೆ ನೂರೂ ಇದ್ದವು. ನಿಜವನ್ನೇ ಹೇಳಿ ಮೋಸಗೊಳಿಸುವ ಈ ವಿದ್ಯೆ ಗಡಿಯಾರದೊಂದಿಗೆ ಮುಗಿದುಹೋಗಲಿಲ್ಲ. ಇಂದು ಅದು ಅನೇಕ ಸಾಮಾನುಗಳ ಪೆಟ್ಟಿಗೆಗಳ ಮೇಲೆ ವಾಸವಾಗಿದೆ. ಅವುಗಳಲ್ಲಿ ಮೀನಿನ ಗಾಳಕ್ಕೆ ಕಟ್ಟುವ ರೀಲಿನ ಪೆಟ್ಟಿಗೆಯೂ ಒಂದು.

ರಾಯರ ರೀಲು

ನಮ್ಮ ನೆರೆಮನೆಯ ರಾಯರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಹುಟ್ಟಿ ಬೆಳೆದದ್ದು ಶರಾವತಿ ಕಡಲು ಸೇರುವ ಹೊನ್ನಾವರದ ಕಡೆ. ಎಳವೆಯಲ್ಲಿ ಮರದ ತುಂಡಿಗೆ ತಂಗೂಸಿ ಸುತ್ತಿಕೊಂಡು ಅಳಿವೆಯ ಬಂಡೆಗಳ ಮೇಲೆ ಕುಳಿತವರು. ನಿವೃತ್ತಿಯ ಅನಂತರ ಮೊಮ್ಮಗನೊಡನೆ ಮತ್ತೆ ಅದೇ ಬಂಡೆಯ ಮೇಲೆ ಕೂರಬೇಕೆಂಬ ಆಸೆ ಅವರದು. ಪೆನ್ಷನ್ನಿನ ಹಣದಲ್ಲಿ ಉಳಿಸಿ ಒಂದು ರೀಲು ಕೊಂಡರು. ಪೆಟ್ಟಿಗೆಯ ಮೇಲೆ ಹೊಂಬಣ್ಣದ ಅಕ್ಷರಗಳಲ್ಲಿ "12+1 ಬೇರಿಂಗ್" ಎಂದಿತ್ತು; "ಗರಿಷ್ಠ ಡ್ರ್ಯಾಗ್ 18 ಕೆ.ಜಿ." ಎಂದೂ ಇತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಅದು ನಿಂತಿತು. ಹದಿಮೂರು ಬೇರಿಂಗುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ದಾರವನ್ನು ಹಿಡಿದು ಸುತ್ತುವ ತಂತಿಯ ಬಳೆಯೊಂದಿರುತ್ತದೆಯಷ್ಟೆ. ಅದನ್ನು ಮಡಿಸುವ ಸಣ್ಣ ಸ್ಪ್ರಿಂಗೊಂದು ಮುರಿದಿತ್ತು. ಮಾರಿದ ಅಂಗಡಿಯವನು, "ಇದರ ಸ್ಪೇರು ಬರುವುದಿಲ್ಲ ಸಾರ್, ಹೊಸದೇ ತೆಗೆದುಕೊಳ್ಳಿ" ಎಂದನಂತೆ.

ರಾಯರು ಆ ರೀಲನ್ನು ನನ್ನ ಮೇಜಿನ ಮೇಲಿಟ್ಟು, "ಮೇಷ್ಟ್ರೇ, ನೀವು ಎಂ.ಎ. ಓದಿದವರು. ಇದರ ಪೆಟ್ಟಿಗೆಯ ಮೇಲಿರುವುದರ ಅರ್ಥವನ್ನಾದರೂ ಹೇಳಿ" ಎಂದರು. ನಾನು ಓದಿದ ಎಂ.ಎ. ಕನ್ನಡದ್ದು. ಆದರೂ ಆ ಪೆಟ್ಟಿಗೆಯಲ್ಲಿ ನನಗೆ ಪರಿಚಿತವಾದ ಒಂದು ಅಂಶ ಕಂಡಿತು: ಅತಿಶಯೋಕ್ತಿ ಅಲಂಕಾರ. ಕಾವ್ಯದಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಅರಮನೆಯ ಗೋಪುರ ಚಂದ್ರನನ್ನು ತಾಗಿತೆಂದು ಕವಿ ಹೇಳಿದರೆ ಅದು ತಾಗಿಲ್ಲವೆಂಬುದು ಕವಿಗೂ ಗೊತ್ತು, ಓದುಗನಿಗೂ ಗೊತ್ತು. ಅಂಗಡಿಯಲ್ಲಿ ಮಾತ್ರ ಅದು ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಅಂದಿನಿಂದ ನಾನೂ ರಾಯರೂ ಈ ಯಂತ್ರವನ್ನು ಕುರಿತು ಓದಿದ್ದು, ಬಿಚ್ಚಿದ್ದು, ತಿರುಗಿಸಿ ನೋಡಿದ್ದು ಬಹಳ. ಅದರ ಸಾರಾಂಶವನ್ನು ವಾಚಕರ ಮುಂದಿಡುತ್ತಿದ್ದೇನೆ. ಗಾಳ ಹಾಕದವರಿಗೂ ಇದರಿಂದ ಪ್ರಯೋಜನವುಂಟು. ಏಕೆಂದರೆ ಮಿಕ್ಸರನ್ನೋ ಸೈಕಲ್ಲನ್ನೋ ಕೊಳ್ಳುವಾಗಲೂ ಎದುರಾಗುವುದು ಇದೇ ಭಾಷೆ.

ಗಡಿಯಾರದ ಸೋದರ

ಗಾಳ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನು, ಅದಕ್ಕೆ ಯಾವ ಆಹಾರ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬ ವಿಚಾರ ಅದರಲ್ಲಿ ಬಂದಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲನು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪ್ರಸಿದ್ಧ ಗ್ರಂಥ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ದಾರವನ್ನು ಸುತ್ತಿಡುವ ರಾಟೆ ಚೀನಾ ದೇಶದಲ್ಲಿ ಬಹು ಹಿಂದೆಯೇ ಬಳಕೆಯಲ್ಲಿತ್ತು. ಮಾ ಯುವಾನ್ ಎಂಬ ಕಲಾವಿದನು 1195ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ, ಚಳಿಗಾಲದ ಸರೋವರದ ನಡುವೆ ಪುಟ್ಟ ದೋಣಿಯಲ್ಲಿ ಕುಳಿತ ಬೆಸ್ತನ ಕೋಲಿಗೆ ರಾಟೆಯೊಂದು ಸ್ಪಷ್ಟವಾಗಿ ಕಾಣುತ್ತದೆ.

ರಾಟೆಯು ನಿಖರವಾದ ಯಂತ್ರವಾದುದು ಮಾತ್ರ ಗಡಿಯಾರದ ಕೆಲಸಗಾರರ ಕೈಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕನು, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಹಲವು ಸುತ್ತು ತಿರುಗುವ ರೀಲುಗಳನ್ನು ಮಾಡಿದನು. ಸ್ವೀಡನ್ನಿನ ಆಬು ಕಂಪೆನಿ 1921ರಲ್ಲಿ ಹುಟ್ಟಿದ್ದು ಗಡಿಯಾರದ ಕಾರ್ಖಾನೆಯಾಗಿ. ಅದು ರೀಲಿನ ಕಡೆ ತಿರುಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆ ಯುದ್ಧ ಮುಗಿದ ಮೇಲೆ ಲೋಕಪ್ರಸಿದ್ಧವಾದ ಮಿಚೆಲ್ ರೀಲುಗಳು ಬಂದದ್ದು ಫ್ರಾನ್ಸಿನ ಕ್ಲೂಸ್ ಎಂಬ ಊರಿನಿಂದ. ಗಡಿಯಾರದ ಬಿಡಿಭಾಗಗಳಿಗೆ ಹೆಸರಾದ ಊರು ಅದು. ಹೀಗೆ ರೀಲು ಗಡಿಯಾರದ ಸೋದರ. ಸೋದರನ ಗುಣದಂತೆಯೇ ದೋಷವೂ ಇದಕ್ಕೆ ಬಂದಿದ್ದರೆ ಆಶ್ಚರ್ಯವೇನು?

ಇಂದು ಹೆಚ್ಚಾಗಿ ಮಾರಾಟವಾಗುವ ರೀಲಿನಲ್ಲಿ ಉರುಳೆ ತಿರುಗುವುದೇ ಇಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ಆಲ್‌ಫ್ರೆಡ್ ಇಲಿಂಗ್‌ವರ್ತ್ ಎಂಬುವನು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಗಿರಣಿಯಲ್ಲಿ ನೂಲು ನಿಂತ ಉರುಳೆಯ ತುದಿಯಿಂದ ಸಲೀಸಾಗಿ ಬಿಚ್ಚಿಕೊಂಡು ಹೋಗುವುದನ್ನು ದಿನವೂ ನೋಡಿದವನು ಅವನು. ಅದೇ ತತ್ತ್ವವನ್ನು ಗಾಳಕ್ಕೆ ಅಳವಡಿಸಿದನು. ದಾರ ಎಸೆಯುವಾಗ ಉರುಳೆ ನಿಂತಿರುತ್ತದೆ. ದಾರ ಸುತ್ತುವಾಗ ಅದರ ಸುತ್ತ ಒಂದು ತೋಳು ತಿರುಗಿ ದಾರವನ್ನು ಸುತ್ತುತ್ತದೆ. ಹಿಡಿ, ಒಳಗೆ ದೊಡ್ಡ ಹಲ್ಲುಚಕ್ರ, ಅದಕ್ಕೆ ಕೂಡುವ ಸಣ್ಣ ಹಲ್ಲುಚಕ್ರ, ತಿರುಗುವ ತೋಳು, ಮಡಿಸುವ ಬಳೆ, ಮೀನು ಜಗ್ಗಿದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಡ್ರ್ಯಾಗ್ — ಇಷ್ಟೇ ಇದರ ಸಂಸಾರ. ಇಷ್ಟನ್ನು ತಿಳಿದುಕೊಂಡು ಪೆಟ್ಟಿಗೆಯನ್ನು ಓದಲು ತೊಡಗೋಣ.

ಬೇರಿಂಗಿನ ಎಣಿಕೆ

"12+1" ಎಂದರೆ ಹನ್ನೆರಡು ಗುಂಡಿನ ಬೇರಿಂಗುಗಳು ಮತ್ತು ಹಿಡಿ ಹಿಮ್ಮುಖವಾಗಿ ತಿರುಗದಂತೆ ತಡೆಯುವ ಒಂದು ಉರುಳಿನ ಬೇರಿಂಗು. ಬೇರಿಂಗು ಅವಶ್ಯವಾಗಿ ಬೇಕಾದ ಸ್ಥಳಗಳು ಬೆರಳೆಣಿಕೆಯವು: ದೊಡ್ಡ ಹಲ್ಲುಚಕ್ರದ ಎರಡು ಪಕ್ಕ, ಸಣ್ಣ ಹಲ್ಲುಚಕ್ರದ ಬುಡ, ಮತ್ತು ದಾರ ಹಾಯುವ ಪುಟ್ಟ ಉರುಳು. ಈ ನಾಲ್ಕೈದು ಕಡೆ ಒಳ್ಳೆಯ ಬೇರಿಂಗುಗಳಿದ್ದರೆ ರೀಲು ಸುಖವಾಗಿ ಓಡುತ್ತದೆ. ಉಳಿದವು ಹಿಡಿಯ ಗುಂಡಿಯೊಳಗೂ ಇತರ ನಿರುಪದ್ರವಿ ಮೂಲೆಗಳಲ್ಲಿಯೂ ಕುಳಿತು ಎಣಿಕೆಯನ್ನು ಬೆಳೆಸುತ್ತವೆ. ನೂರು ಜ್ಯುವೆಲ್ಲಿನ ಗಡಿಯಾರದ ಕಥೆಯೇ ಇದು.

ಎಣಿಕೆಗಿಂತ ಗುಣ ದೊಡ್ಡದು. ಅಗ್ಗದ ಹನ್ನೆರಡು ಬೇರಿಂಗುಗಳು ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವ ಹನ್ನೆರಡು ಸ್ಥಳಗಳೆಂದೇ ತಿಳಿಯಬೇಕು. ಸ್ಟೇನ್‌ಲೆಸ್ ಉಕ್ಕು ಎಂಬ ಮಾತಿಗೂ ಮಿತಿಯುಂಟು. ಅದು ತುಕ್ಕನ್ನು ತಡೆಯುವ ಉಕ್ಕೇ ಹೊರತು ತುಕ್ಕನ್ನು ಗೆದ್ದ ಉಕ್ಕಲ್ಲ. ಗ್ರೀಸು ಒಣಗಿ ಉಪ್ಪಿನ ಹರಳು ಒಳಹೊಕ್ಕರೆ ಅದೂ ಸೋಲುತ್ತದೆ. ಇಂದಿನ ಪೆಟ್ಟಿಗೆಗಳ ಎದುರು ಹೇಳಿಕೊಳ್ಳುವಷ್ಟು ಬೇರಿಂಗುಗಳಿಲ್ಲದ ಹಳೆಯ ಮಿಚೆಲ್ 300 ರೀಲುಗಳು ಅನೇಕರ ಮನೆಗಳಲ್ಲಿ ಇಂದಿಗೂ ತಿರುಗುತ್ತಿವೆ. ಅವು ಉಳಿದದ್ದು ಗಟ್ಟಿಯಾದ ಹಲ್ಲುಚಕ್ರಗಳಿಂದ, ಮತ್ತು ಬಿಚ್ಚಿ ಎಣ್ಣೆ ಹಾಕಲು ಆಸ್ಪದ ಕೊಟ್ಟ ರಚನೆಯಿಂದ.

ಹದಿನೆಂಟು ಕಿಲೋ ಎಳೆತ ಯಾರಿಗೆ?

ಡ್ರ್ಯಾಗ್ ಎಂಬುದು ಮೀನಿನ ಎಳೆತಕ್ಕೂ ದಾರದ ಬಲಕ್ಕೂ ನಡುವಿನ ಸಂಧಾನ. ದಾರ ತುಂಡಾಗುವ ಮುನ್ನವೇ ಅದು ಜಾರಿ, ಮೀನನ್ನು ಓಡಗೊಟ್ಟು ದಣಿಸಬೇಕು. ಅನುಭವಿಗಳು ಇದನ್ನು ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೊಂದಿಸುತ್ತಾರೆ. ಅಂದರೆ ಹತ್ತು ಕಿಲೋ ತಾಳುವ ದಾರಕ್ಕೆ ಡ್ರ್ಯಾಗ್ ಎರಡೂವರೆಯಿಂದ ಮೂರು ಕಿಲೋ ಚಿಲ್ಲರೆ. ಹೀಗಿರುವಲ್ಲಿ ಪೆಟ್ಟಿಗೆಯ ಹದಿನೆಂಟು ಕಿಲೋ ರಾಯರಿಗೆ ಯಾವ ಉಪಯೋಗಕ್ಕೆ? ಅಷ್ಟು ಬಿಗಿ ಮಾಡಿದರೆ ದಾರವೇ ಮೊದಲು ಹರಿಯುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಬಿಳಿಮೀನನ್ನು ಗಾಳದಲ್ಲಿ ಹಿಡಿದದ್ದು ದಾಖಲೆಯಾಗಿದೆ. ಅಂಥ ಮೀನನ್ನು ಯಾರೂ ತೋಳ್ಬಲದಿಂದ ಎತ್ತಿ ತರುವುದಿಲ್ಲ. ದಾರ ಬಿಟ್ಟು, ಮತ್ತೆ ಸುತ್ತಿ, ದಣಿಸಿ ತರುತ್ತಾರೆ. ಆ ಮೀನಿನ ಕುಲ ಇಂದು ಅಳಿವಿನ ಅಂಚಿನಲ್ಲಿದೆ; ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲವೆಂಬುದನ್ನೂ ಇಲ್ಲಿಯೇ ನೆನಪಿಸಬೇಕು.

ಡ್ರ್ಯಾಗಿನಲ್ಲಿ ನೋಡಬೇಕಾದದ್ದು ಬಲವನ್ನಲ್ಲ, ನಯವನ್ನು. ಮೀನು ಥಟ್ಟನೆ ಓಡಿದ ಕ್ಷಣದಲ್ಲಿ ಅದು ಅಂಟಿಕೊಳ್ಳದೆ ಜಾರಬೇಕು. ಮೊದಲು ಅಂಟಿ, ಅನಂತರ ಕುಲುಕಿ ಬಿಡುವ ಡ್ರ್ಯಾಗಿನಿಂದ ದಾರ ಹರಿದರೆ, ಬಾಯಲ್ಲಿ ಕೊಕ್ಕೆ ಸಿಕ್ಕಿಕೊಂಡ ಮೀನು ಅದರೊಡನೆಯೇ ಬದುಕಬೇಕಾಗುತ್ತದೆ ಅಥವಾ ಸಾಯಬೇಕಾಗುತ್ತದೆ. ಕೆಟ್ಟ ಯಂತ್ರದ ಬೆಲೆಯನ್ನು ಕೊಂಡವನೊಬ್ಬನೇ ತೆರುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಯಾವ ಪೆಟ್ಟಿಗೆಯೂ ಹೇಳುವುದಿಲ್ಲ. ದಾರ ಖಾಲಿಯಾದಂತೆಲ್ಲ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ಉರುಳೆ ತುಂಬಿದ್ದಾಗ ಮೂರು ಕಿಲೋ ಎಳೆತಕ್ಕೆ ಜಾರುವಂತೆ ಹೊಂದಿಸಿದ್ದರೆ, ಸುತ್ತಿದ ದಾರದ ವ್ಯಾಸ ಅರ್ಧಕ್ಕೆ ಇಳಿದಾಗ ಅದು ಆರು ಕಿಲೋಗೆ ಮಾತ್ರ ಜಾರುತ್ತದೆ. ಬಾವಿಯ ರಾಟೆ ಸಣ್ಣದಾದಷ್ಟೂ ಅದನ್ನು ತಿರುಗಿಸಲು ಹಗ್ಗವನ್ನು ಹೆಚ್ಚು ಬಲದಿಂದ ಎಳೆಯಬೇಕಲ್ಲವೆ? ಇಲ್ಲಿಯೂ ಅದೇ ನ್ಯಾಯ. ದೊಡ್ಡ ಮೀನು ದೂರ ಓಡಿದಾಗ ದಾರ ಹರಿಯುವುದಕ್ಕೆ ಒಂದು ಕಾರಣ ಇದು.

ವೇಗದ ಲೆಕ್ಕ

"6.2:1" ಎಂಬ ಗುರುತು ಹಿಡಿಯ ಒಂದು ಸುತ್ತಿಗೆ ತೋಳು ಆರು ಚಿಲ್ಲರೆ ಸುತ್ತು ತಿರುಗುತ್ತದೆಂದು ತಿಳಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ರೀಲು ವೇಗವುಳ್ಳದ್ದೆಂದು ಮಾರುವವನ ವಾದ. ಮನೆಯ ಹುಡುಗರ ಕೈಗೆ ಪೆನ್ಸಿಲು ಕೊಟ್ಟು ಈ ಲೆಕ್ಕ ಮಾಡಿಸಿ: ಐದು ಸೆಂಟಿಮೀಟರ್ ವ್ಯಾಸದ ಉರುಳೆಯ ಸುತ್ತಳತೆ ಸುಮಾರು 15.7 ಸೆಂ.ಮೀ. ಆರರಿಂದ ಗುಣಿಸಿದರೆ ಒಂದು ಸುತ್ತಿಗೆ 94 ಸೆಂ.ಮೀ. ದಾರ. ಏಳು ಸೆಂಟಿಮೀಟರ್ ವ್ಯಾಸದ ಉರುಳೆಯ ಸುತ್ತಳತೆ ಸುಮಾರು 22 ಸೆಂ.ಮೀ. ಐದರಿಂದಲೇ ಗುಣಿಸಿದರೂ 110 ಸೆಂ.ಮೀ. ಆಗುತ್ತದೆ. "6:1" ಎಂಬ ವೇಗದ ರೀಲಿಗಿಂತ "5:1" ಎಂಬ ನಿಧಾನದ ರೀಲು ಹೆಚ್ಚು ದಾರ ಸೆಳೆಯಿತು! ಆದುದರಿಂದ ಕೇಳಬೇಕಾದ ಪ್ರಶ್ನೆ, "ಒಂದು ಸುತ್ತಿಗೆ ಎಷ್ಟು ಸೆಂಟಿಮೀಟರ್?" ಎಂಬುದು. ಅಲ್ಲದೆ ವೇಗ ಹೆಚ್ಚಿದಂತೆ ಭಾರ ಎಳೆಯುವ ಶಕ್ತಿ ಕುಗ್ಗುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಸಾಗುವ ವಾಹನದ ಕಷ್ಟ ಎಲ್ಲರೂ ಬಲ್ಲದ್ದೇ.

ಲೋಹವೂ ನೀರೂ ಉಪ್ಪೂ

"ಕಾರ್ಬನ್ ದೇಹ" ಎಂದು ಬರೆದದ್ದು ಅನೇಕ ವೇಳೆ ಇಂಗಾಲದ ಎಳೆಗಳನ್ನು ಬೆರೆಸಿದ ಪ್ಲಾಸ್ಟಿಕ್. ಅದರಲ್ಲಿ ತಪ್ಪೇನೂ ಇಲ್ಲ. ಅದು ಹಗುರ, ತುಕ್ಕು ಹಿಡಿಯದು. ಆದರೆ ತೆಳುವಾದ ದೇಹ ಭಾರ ಬಿದ್ದಾಗ ಬಾಗುತ್ತದೆ. ಬಾಗಿದಾಗ ಒಳಗಿನ ಹಲ್ಲುಗಳು ಒಂದರೊಳಗೊಂದು ಸರಿಯಾಗಿ ಕೂರದೆ ಸವೆಯುತ್ತವೆ. "ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ" ಎಂಬ ಬಿರುದು ಹೊರಗವಚಕ್ಕೋ ಹಿಡಿಗೋ ಸಂದಿರಬಹುದು. ಒಳಗಿನ ಹಲ್ಲುಚಕ್ರ ಯಾವ ಲೋಹದ್ದೆಂದು ಕೇಳಿದರೆ ಮಾರುವವನು ಮೌನಿಯಾಗುವುದುಂಟು. ಅಗ್ಗದ ರೀಲುಗಳಲ್ಲಿ ಅದು ಎರಕ ಹೊಯ್ದ ಸತುವಿನದು. ಹಿತ್ತಾಳೆಯದು ಭಾರ, ಆದರೆ ಬಾಳಿಕೆ ಹೆಚ್ಚು.

ಇನ್ನು "ನೀರು ಸೋಂಕದ ರೀಲು." ಪೆಟ್ಟಿಗೆಯ ಮೇಲೆ ಐ.ಪಿ.ಎಕ್ಸ್. ಎಂಬ ಅಕ್ಷರಗಳೂ ಒಂದು ಅಂಕೆಯೂ ಇರುತ್ತವೆ. ಇದು ಜಾಗತಿಕ ಮಾನಕದ ಗುರುತು, ಜಾಹೀರಾತುಗಾರನ ಸೃಷ್ಟಿಯಲ್ಲ. ಅಂಕೆ 5 ಎಂದರೆ ನಳಿಕೆಯಿಂದ ಚಿಮ್ಮುವ ನೀರನ್ನು ತಡೆದೀತು. 6 ಎಂದರೆ ಇನ್ನೂ ರಭಸದ ನೀರನ್ನು ತಡೆದೀತು. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕನೇ ಗೊತ್ತುಮಾಡಿದ ಪರೀಕ್ಷೆ. ಈ ಪರೀಕ್ಷೆ ನಡೆಯುವುದು ಹೊಸ ಮಾದರಿಯ ಮೇಲೆ, ಸಿಹಿನೀರಿನಲ್ಲಿ. ಮಲ್ಪೆಯ ಕಡಲಿನ ಉಪ್ಪು, ಮರಳು, ಮೂರು ವರ್ಷಗಳ ಬಿಸಿಲಿಗೆ ಬಿರುಸಾದ ರಬ್ಬರಿನ ಸುತ್ತುಪಟ್ಟಿ ಇವು ಯಾವುವೂ ಆ ಪ್ರಶ್ನೆಪತ್ರಿಕೆಯಲ್ಲಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ಹುಡುಗ ಸಂಸಾರವನ್ನೂ ಅದೇ ದರ್ಜೆಯಲ್ಲಿ ನಡೆಸುವನೆಂಬ ಭರವಸೆಯಿಲ್ಲವಷ್ಟೆ!

ಉಪ್ಪುನೀರು ಮಾಡುವ ಇನ್ನೊಂದು ಕೇಡು ಕಣ್ಣಿಗೆ ಕಾಣದ್ದು. ಅಲ್ಯೂಮಿನಿಯಂ ದೇಹಕ್ಕೆ ಉಕ್ಕಿನ ಸ್ಕ್ರೂ ಹಾಕಿದ ಕಡೆ ಉಪ್ಪುನೀರು ನಿಂತರೆ, ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಸೂಕ್ಷ್ಮವಾದ ವಿದ್ಯುತ್ತು ಹರಿದು ಅಲ್ಯೂಮಿನಿಯಂ ಕರಗುತ್ತದೆ. ಬಣ್ಣದ ಕೆಳಗೆ ಬಿಳಿಯ ಪುಡಿ ಗುಳ್ಳೆಯೆದ್ದರೆ ಅದೇ ಲಕ್ಷಣ.

ಹೊಸದಕ್ಕೆ ಚರಿತ್ರೆಯಿಲ್ಲ

ಮೇಲಿನ ಸಂಖ್ಯೆಗಳೆಲ್ಲ ಸರಿಯಾಗಿದ್ದರೂ ಬಾಳಿಕೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಾಳಿಕೆ ಎಂಬುದು ಕಾಲದೊಡನೆ ಮಾತ್ರ ತಿಳಿಯುವ ಗುಣ. ಹೊಸ ವಸ್ತುವಿಗೆ ಕಳೆದ ಕಾಲವೇ ಇಲ್ಲ. ಅದು ಹತ್ತು ವರ್ಷ ಬಾಳುವುದೆಂದು ಹೇಳುವವನು ಭವಿಷ್ಯ ನುಡಿಯುತ್ತಿದ್ದಾನೆ, ವರದಿ ಒಪ್ಪಿಸುತ್ತಿಲ್ಲ. ಇಂಗ್ಲೆಂಡಿನ ಹಾರ್ಡಿ ಸೋದರರು 1890ರ ದಶಕದ ಆರಂಭದಲ್ಲಿ ತಮ್ಮ ರೀಲಿಗೆ ಇಟ್ಟ ಹೆಸರು 'ಪರ್ಫೆಕ್ಟ್' — ಎಂದರೆ ಪರಿಪೂರ್ಣ! ಇದಕ್ಕಿಂತ ದೊಡ್ಡ ಬಡಾಯಿ ಉಂಟೆ? ಆದರೆ ಆ ಹೆಸರಿನ ಬಹು ಹಳೆಯ ರೀಲುಗಳು ಇಂದಿಗೂ ತಿರುಗುತ್ತಿರುವುದರಿಂದ ಲೋಕ ಅದನ್ನು ಬಡಾಯಿಯೆನ್ನುವುದಿಲ್ಲ. ಅದೇ ಹೆಸರನ್ನು ನಿನ್ನೆ ಹುಟ್ಟಿದ ರೀಲಿಗೆ ಇಟ್ಟರೆ ಅದು ಬರಿಯ ಹೆಸರು.

ಕೊಂಡವರ ಅಭಿಪ್ರಾಯಗಳನ್ನು ಮೊಬೈಲಿನಲ್ಲಿ ಓದಬಹುದಲ್ಲ ಎಂದರೆ, ಅವುಗಳಲ್ಲಿ ಎಷ್ಟೋ ಪೆಟ್ಟಿಗೆ ಬಿಚ್ಚಿದ ವಾರದಲ್ಲಿ ಬರೆದವು. ಮದುವೆಯ ಮರುವಾರದಲ್ಲಿ ದಾಂಪತ್ಯವನ್ನು ಕುರಿತು ಬರೆದ ಪ್ರಬಂಧದಂತೆ ಅವು ಉತ್ಸಾಹದಿಂದ ತುಂಬಿರುತ್ತವೆ. ಎರಡು ಮಳೆಗಾಲಗಳ ಅನಂತರ ಬರೆದ ನಾಲ್ಕು ಸಾಲುಗಳು ಅಂಥ ನೂರಕ್ಕಿಂತ ಹೆಚ್ಚು ಬೆಲೆಯುಳ್ಳವು.

ಹಾಗಾದರೆ ಹೊಸದನ್ನು ತೂಗುವುದು ಹೇಗೆ? ವಸ್ತುವಿಗೆ ಚರಿತ್ರೆಯಿಲ್ಲದಿದ್ದರೂ ಅದನ್ನು ಮಾಡಿದವನಿಗೆ ಉಂಟು. ಹತ್ತು ವರ್ಷದ ಹಿಂದೆ ಅವನು ಮಾರಿದ ರೀಲಿಗೆ ಇಂದು ಸ್ಪ್ರಿಂಗ್ ಸಿಗುತ್ತದೆಯೆ ಎಂಬುದನ್ನು ವಿಚಾರಿಸಿರಿ. ಸಿಗುವುದಾದರೆ, ಇಂದು ಮಾರುವುದಕ್ಕೂ ಹತ್ತು ವರ್ಷದ ಮೇಲೆ ಸಿಕ್ಕೀತೆಂದು ನಂಬಲು ಆಧಾರವಿದೆ. ಹಿಂದಿನ ಒಳ್ಳೆಯ ತಯಾರಕರು ರೀಲಿನೊಡನೆ ಒಂದು ನಕ್ಷೆಯನ್ನಿಡುತ್ತಿದ್ದರು. ಅದರಲ್ಲಿ ಪ್ರತಿಯೊಂದು ಬಿಡಿಭಾಗದ ಚಿತ್ರವೂ ಅದರ ಸಂಖ್ಯೆಯೂ ಇರುತ್ತಿತ್ತು. ಇಂದಿಗೂ ಕೆಲವರು ಇಡುತ್ತಾರೆ. ಆ ಒಂದು ಹಾಳೆ, ಹೊಂಬಣ್ಣದ ಹತ್ತು ಘೋಷಣೆಗಳಿಗಿಂತ ಮೇಲು. "ಇದು ಒಂದು ದಿನ ಕೆಡುತ್ತದೆ, ಕೆಟ್ಟಾಗ ಹೀಗೆ ಬಿಚ್ಚಿ, ಇದನ್ನು ತರಿಸಿ" ಎಂದು ತಯಾರಕನೇ ಒಪ್ಪಿಕೊಂಡ ದಸ್ತಾವೇಜು ಅದು. ಕೆಡುವುದೇ ಇಲ್ಲವೆಂದು ಹೇಳುವವನಿಗಿಂತ, ಕೆಟ್ಟರೆ ಸರಿಮಾಡಬಹುದೆಂದು ಹೇಳುವವನು ನಂಬಿಕೆಗೆ ಅರ್ಹ.

ಒಂದೇ ಕಾರ್ಖಾನೆಯ ರೀಲು ಬೇರೆ ಬೇರೆ ಬಣ್ಣ ತಳೆದು, ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವುದೂ ಈಗ ಸಾಮಾನ್ಯ. ವರ್ಷಕ್ಕೊಂದು ಹೊಸ ಮಾದರಿ ಬಂದಾಗ ಹಳೆಯದು ಅನಾಥವಾಗುತ್ತದೆ. ರಾಯರ ರೀಲು ಅಂಥ ಅನಾಥ. ಅದರ ರೋಗ ಸಣ್ಣದು, ಮುರಿದ ಒಂದು ತಂತಿ. ಮದ್ದು ಇಲ್ಲದಿದ್ದರಿಂದ ಅದು ಮರಣವಾಯಿತು.

ಅಂಗಡಿಯಲ್ಲಿ ಹತ್ತು ನಿಮಿಷ

ರೀಲನ್ನು ಕೈಗೆ ತೆಗೆದುಕೊಂಡು ನೀವೇ ಮಾಡಬಹುದಾದ ಪರೀಕ್ಷೆಗಳು ಕೆಲವುಂಟು. ಹಿಡಿಯನ್ನು ಹಿಂದುಮುಂದಾಗಿ ಅಲುಗಿಸಿ, ಗಡಗಡ ಎನ್ನಬಾರದು. ನೇರವಾಗಿ ದೊಡ್ಡ ಹಲ್ಲುಚಕ್ರದೊಳಕ್ಕೆ ತಿರುಪಿನಿಂದ ಕೂರುವ ಹಿಡಿ, ಮಡಿಸುವ ಹಿಡಿಗಿಂತ ಬಿಗಿ. ವೇಗವಾಗಿ ತಿರುಗಿಸಿ ಕೈಬಿಟ್ಟು, ತೋಳು ನಡುಗುವುದೇ ನೋಡಿ. ಅನಂತರ ಬಹು ನಿಧಾನವಾಗಿ ತಿರುಗಿಸಿ; ಹಲ್ಲುಗಳ ಒರಟು ತಿಳಿಯುವುದು ನಿಧಾನದಲ್ಲಿ. ಹೊಸ ರೀಲಿನ ಬೆಣ್ಣೆಯಂಥ ನುಣುಪು ಎಷ್ಟೋ ವೇಳೆ ದಪ್ಪ ಗ್ರೀಸಿನ ಕೊಡುಗೆ ಎಂಬುದನ್ನು ಮರೆಯಬೇಡಿ. ಬಳೆಯನ್ನು ಹತ್ತು ಸಲ ತೆರೆದು ಮುಚ್ಚಿ. ದಾರ ಹಾಯುವ ಪುಟ್ಟ ಉರುಳಿನ ಮೇಲೆ ತಂಗೂಸಿಯ ತುಂಡನ್ನು ಹಾಯಿಸಿ ಎಳೆಯಿರಿ, ಅದು ಉರುಳಬೇಕು. ಉರುಳದಿದ್ದರೆ ದಾರ ಉಜ್ಜಿ ಉಜ್ಜಿ ಅಲ್ಲಿ ಗೀರು ಬೀಳುತ್ತದೆ, ಆ ಗೀರು ಮತ್ತೆ ದಾರವನ್ನೇ ಕೊಯ್ಯುತ್ತದೆ. ಸಾಧ್ಯವಾದರೆ ದಾರ ಸುತ್ತಿ, ಅದರ ತುದಿಯನ್ನು ಸ್ಪ್ರಿಂಗ್ ತ್ರಾಸಿಗೆ ಕಟ್ಟಿ, ಡ್ರ್ಯಾಗನ್ನು ಎರಡು ಕಿಲೋಗೆ ಹೊಂದಿಸಿ ಎಳೆಯಿರಿ. ಮುಳ್ಳು ಒಂದೇ ಕಡೆ ನಿಂತರೆ ಒಳ್ಳೆಯದು. ಏರಿ ಇಳಿದು ಕುಣಿದರೆ ಬೇಡ.

ಕೊನೆಯದಾಗಿ ಸ್ಕ್ರೂಗಳನ್ನು ನೋಡಿ. ಸಾಧಾರಣ ಸ್ಕ್ರೂಡ್ರೈವರಿಗೆ ಬಗ್ಗುವ ಸ್ಕ್ರೂಗಳಾದರೆ ಆ ಯಂತ್ರ ನಿಮ್ಮದು. ವಿಶೇಷ ಉಪಕರಣವಿಲ್ಲದೆ ತೆರೆಯದಂಥವಾದರೆ, ಹಣ ಕೊಟ್ಟ ಮೇಲೂ ಅದು ಅರ್ಧ ತಯಾರಕನದೇ.

ಕಾಗದದ ಬಲ

"ಜೀವಾವಧಿ ಗ್ಯಾರಂಟಿ" ಎಂದು ಬರೆದಿದ್ದರೆ, ಯಾರ ಜೀವಾವಧಿ ಎಂದು ಕೇಳುವುದು ಕುಚೋದ್ಯವಲ್ಲ. ಸಹಜವಾದ ಸವೆತಕ್ಕೆ ಅನ್ವಯಿಸದು, ಉಪ್ಪುನೀರಿನ ಹಾನಿಗೆ ಅನ್ವಯಿಸದು, ಸಾಗಣೆಯ ಖರ್ಚು ಗಿರಾಕಿಯದು ಎಂಬ ಸಣ್ಣ ಅಕ್ಷರಗಳ ಷರತ್ತುಗಳನ್ನು ಹಣ ಕೊಡುವ ಮುನ್ನವೇ ಓದಬೇಕು. ಹೊರದೇಶದಿಂದ ಬಂದ ಸರಕಾದರೆ, ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸುತ್ತವೆ. ವಿಳಾಸವಿಲ್ಲದ ಪೆಟ್ಟಿಗೆಯ ಗ್ಯಾರಂಟಿ ಗಾಳಿಯ ಮೇಲೆ ಬರೆದ ಗ್ಯಾರಂಟಿ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ವಿಶಾಲವಾದ ಅರ್ಥವನ್ನು ಕೊಟ್ಟಿದೆ. ವಸ್ತುವನ್ನು ಸುಳ್ಳಾಗಿ ವರ್ಣಿಸುವುದು, ಸುಳ್ಳು ಗ್ಯಾರಂಟಿ ಕೊಡುವುದು ಮಾತ್ರವಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವುದೂ ಅದರಲ್ಲಿ ಸೇರಿದೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷದ ಒಳಗೆ ಸಲ್ಲಿಸಬೇಕು. ಇದಕ್ಕೆಲ್ಲ ರಸೀತಿ ಬೇಕು. ರಾಯರ ಪತ್ನಿ ಹಾಲಿನ ಲೆಕ್ಕದ ಪುಸ್ತಕವನ್ನೂ ಜೋಪಾನವಾಗಿ ಇಟ್ಟವರು. ರಾಯರು ರೀಲಿನ ರಸೀತಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. ಈ ಕುರಿತು ಆ ಮನೆಯಲ್ಲಿ ನಡೆದ ಸಂವಾದವನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಆಮೇಲೆ ಉಳಿದ ಅರ್ಧ

ಒಳ್ಳೆಯ ರೀಲನ್ನು ಕೊಂಡರೆ ಬಾಳಿಕೆಯ ಅರ್ಧ ಬಂದಂತೆ. ಉಳಿದರ್ಧ ಕೊಂಡವನ ಕೈಯಲ್ಲಿದೆ. ಕಡಲಿನಿಂದ ಬಂದ ದಿನವೇ ಡ್ರ್ಯಾಗನ್ನು ಬಿಗಿ ಮಾಡಿ, ಸಿಹಿನೀರನ್ನು ಮೃದುವಾಗಿ ಚಿಮುಕಿಸಿ ತೊಳೆಯಬೇಕು. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಹೊರಬರುವ ಬದಲು ಒಳಕ್ಕೆ ಹೋಗುತ್ತದೆ. ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗನ್ನು ಸಡಿಲಿಸಿ ಇಡಬೇಕು. ಬಿಗಿಯಾಗಿಯೇ ಇಟ್ಟರೆ ಒಳಗಿನ ಬಿಲ್ಲೆಗಳು ಅದುಮಿಕೊಂಡು ನಯ ಕಳೆದುಕೊಳ್ಳುತ್ತವೆ. ಬಳೆಯನ್ನು ಹಿಡಿ ತಿರುಗಿಸಿ ಪಟ್ಟೆಂದು ಮುಚ್ಚುವ ಬದಲು ಕೈಯಿಂದ ಮಡಿಸಿದರೆ ಸ್ಪ್ರಿಂಗಿನ ಆಯುಸ್ಸು ಹೆಚ್ಚುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಹಳೆಯ ಗ್ರೀಸು ಒರೆಸಿ ಹೊಸದು ಹಾಕಬೇಕು. ಹೊಲಿಗೆಯಂತ್ರಕ್ಕೆ ತಪ್ಪದೆ ಎಣ್ಣೆ ಬಿಡುವ ಗೃಹಿಣಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಕರಾವಳಿಯಲ್ಲಿ ಇಂದಿಗೂ ರೀಲಿನ ಹಂಗಿಲ್ಲದೆ, ತಂಗೂಸಿಯನ್ನು ಬೆರಳಿಗೆ ಸುತ್ತಿ ಮೀನು ಹಿಡಿಯುವವರಿದ್ದಾರೆ. ಅವರ ಬೆರಳೇ ಡ್ರ್ಯಾಗ್, ಮುಂಗೈಯೇ ಬೇರಿಂಗು. ಯಂತ್ರ ಕೈಗೆ ಸಹಾಯವಾಗಬೇಕು. ಸಂಖ್ಯೆಗಳ ಮೆರವಣಿಗೆಯಲ್ಲಿ ಕೈಯ ವಿವೇಕ ಕಳೆದುಹೋಗಬಾರದು. ಮೀನಿಗೆ ಹೊಳೆಯುವ ತಗಡನ್ನು ತೋರಿಸಿ ಹಿಡಿಯುವುದು ಗಾಳಗಾರನ ಕಲೆ. ಅದೇ ಉಪಾಯವನ್ನು ಅಂಗಡಿಯವನು ತನ್ನ ಮೇಲೆ ಪ್ರಯೋಗಿಸುವಾಗ ಗಾಳಗಾರನೇ ಗುರುತಿಸದಿದ್ದರೆ ಇನ್ನಾರು ಗುರುತಿಸಬೇಕು? ಮುಂದಿನ ಸಲ ಹೊಂಬಣ್ಣದ ಪೆಟ್ಟಿಗೆಯೊಂದು ಮುಂದೆ ಬಂದಾಗ, "ಎಷ್ಟು ಬೇರಿಂಗು?" ಎಂದು ಕೇಳುವ ಬದಲು, "ಇದರ ಸ್ಪ್ರಿಂಗ್ ಮುರಿದರೆ ಎಲ್ಲಿ ಸಿಗುತ್ತದೆ?" ಎಂದು ಕೇಳಿ ನೋಡಿ. ಉತ್ತರ ಬರುವುದಕ್ಕೆ ಮುಂಚೆ ಅಂಗಡಿಯವನ ಮುಖದಲ್ಲಿಯೇ ಆ ರೀಲಿನ ಆಯುಸ್ಸು ತಿಳಿದುಹೋಗುತ್ತದೆ.